ಐದನೆಯ ಕಾರಣ

2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಜನ ಸತ್ತರು. ಇಂಥ ಸಾವುಗಳ ಸುತ್ತ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಒಂದು, ಸತ್ತವರ ಹಣೆಯಲ್ಲಿ ಹಾಗೆ ಬರೆದಿತ್ತು. ಇನ್ನೊಂದು, ಎಲ್ಲ ಪೈಲಟ್‌ನದೇ ತಪ್ಪು.

ಎರಡೂ ಮಾತಿನಲ್ಲಿ ಉಳಿದವರಿಗೆ ಒಂದು ಅನುಕೂಲವಿದೆ. ವಿಧಿಯನ್ನು ತಿದ್ದಲಾಗದು, ಪೈಲಟ್ ಬದುಕಿಲ್ಲ. ಮುಂದೆ ಯಾರೂ ಏನೂ ಮಾಡಬೇಕಾಗಿಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯಕ್ಕೆ ಈ ಎರಡೂ ವಿವರಣೆ ಸಾಲುವುದಿಲ್ಲ. ಸರಿಯಿರಲಿ ತಪ್ಪಿರಲಿ, ನಡೆದ ಯಾವುದೇ ಕರ್ಮಕ್ಕೆ ಐದು ಕಾರಣಗಳಿರುತ್ತವೆ ಎನ್ನುತ್ತಾನೆ ಕೃಷ್ಣ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಆ ಮಾತಿನ ಗುರಿ ಆತ್ಮಜ್ಞಾನ, ವಿಮಾನ ಅಪಘಾತವಲ್ಲ, ನಿಜ. ಆದರೂ ನಿವೃತ್ತ ಏರ್ ಮಾರ್ಷಲ್ ಭೂಷಣ್ ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದುವುದು ಉಪಯುಕ್ತ.

ಕರ್ತೃವಿನ ವಿಷಯದಲ್ಲಿ ವರದಿಗೆ ಅನುಮಾನವಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿದ್ದರೂ, ಎಚ್ಚರಿಕೆಯ ಯಂತ್ರ ಕೂಗುತ್ತಿದ್ದರೂ ಕ್ಯಾಪ್ಟನ್ ಇಳಿಸುವ ಪಟ್ಟು ಬಿಡಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರಗಳು ನೆಲ ಮುಟ್ಟುವ ಹೊತ್ತಿಗೆ ಸುಮಾರು 5,200 ಅಡಿ ಕಳೆದುಹೋಗಿತ್ತು. ಕ್ಯಾಪ್ಟನ್‌ರ ಆ ಪಟ್ಟೇ ನೇರ ಕಾರಣ. ಆದರೆ ವರದಿ ಅಲ್ಲಿಗೇ ನಿಲ್ಲಲಿಲ್ಲ. ಅಧಿಷ್ಠಾನವೆಂದರೆ ಶರೀರ ಎಂದು ಶಂಕರರ ಭಾಷ್ಯ. ಕ್ಯಾಪ್ಟನ್‌ರ ಶರೀರ ಹಾರಾಟದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆಯಲ್ಲಿತ್ತು, ಎದ್ದ ಮೇಲೂ ಮಂಪರು ಇಳಿದಿರಲಿಲ್ಲ. ಕರಣಗಳ ಪೈಕಿ ಮಂಗಳೂರಿನ ರಾಡಾರ್ ಕೆಟ್ಟು ಕೂತಿತ್ತು. ಹಾಗಾಗಿ ಕೆಳಗಿಳಿಯಲು ಅನುಮತಿ ತಡವಾಗಿ ಸಿಕ್ಕಿತು. ಇನ್ನು ಚೇಷ್ಟೆ. ಇಳಿಯುವುದು ಬೇಡ, ‘ಗೋ ಅರೌಂಡ್’ ಎಂದು ಸಹಪೈಲಟ್ ಮೂರು ಸಲ ಹೇಳಿದರು. ನಿಯಂತ್ರಣವನ್ನು ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಆ ಅಧಿಕಾರ ಸಹಪೈಲಟ್‌ಗೆ ಉಂಟೋ ಇಲ್ಲವೋ ಎಂಬ ಬಗ್ಗೆ ಸೂಚನೆಗಳೇ ಅಸ್ಪಷ್ಟವಾಗಿದ್ದುದು ಬಹುಶಃ ಇದಕ್ಕೆ ಕಾರಣ ಎಂದಿತು ವರದಿ.

ನಾಲ್ಕು ಕಾರಣಗಳಿಗೂ ಮನುಷ್ಯರ ಕೈ ಎಟುಕುತ್ತದೆ. ದೈವಕ್ಕೆ ಉಳಿಯುವುದು ಐದನೆಯ ಪಾಲು.

ವಿಮಾನಯಾನ ಬೇರೆ ದಾರಿಯಿಂದ ಇದೇ ತಿಳಿವಳಿಕೆಗೆ ಬಂದಿದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಸಂಸ್ಥೆಯ ರಕ್ಷಣಾ ಪದರಗಳನ್ನು ತೂತುಬಿದ್ದ ಚೀಸ್ ಹಾಳೆಗಳಿಗೆ ಹೋಲಿಸಿದರು. ತೂತುಗಳೆಲ್ಲ ಒಂದೇ ನೇರಕ್ಕೆ ಬಂದ ಕ್ಷಣ ಅಪಘಾತ. ತನಿಖೆಯ ಗುರಿ ಮುಂದಿನ ಅಪಘಾತ ತಡೆಯುವುದೇ ಹೊರತು ತಪ್ಪು ಹೊರಿಸುವುದಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೆಯ ಅನುಬಂಧ. 2013ರಲ್ಲಿ ಬಂದ 19ನೆಯ ಅನುಬಂಧ ಪೂರ್ತಿ ಸುರಕ್ಷತಾ ನಿರ್ವಹಣೆಗೇ ಮೀಸಲು.

ಕಷ್ಟದ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಕಾರಣ ಎಲ್ಲರಲ್ಲೂ ಹಂಚಿಹೋದರೆ ಹೊಣೆ ಯಾರದು? ಅದೇ ಅಧ್ಯಾಯ ಮುಂದುವರಿದು, ‘ನಾನು’ ಎಂಬ ಭಾವವಿಲ್ಲದವನು ಕೊಂದರೂ ಕೊಂದವನಲ್ಲ ಎನ್ನುತ್ತದೆ. ಜ್ಞಾನಿಗೆ ಸಲ್ಲುವ ಈ ಮಾತು ಕಂಪನಿಯ ಕೈಗೆ ಸಿಕ್ಕರೆ ಅಪಾಯ. ಕಂಪನಿಗೆ ‘ನಾನು’ ಎನ್ನುವ ಬಾಯಿಯೇ ಇಲ್ಲ. ಅಲ್ಲಿ ಸಮಿತಿ, ಕಡತ, ಸಹಿಗಳಷ್ಟೇ ಇರುತ್ತವೆ.

ಈ ಅಪಾಯಕ್ಕೊಂದು ಉದಾಹರಣೆ: 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಬಳಿ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು. ಜ್ಯೂರಿಕ್‌ನ ನಿಯಂತ್ರಣ ಕೊಠಡಿಯಲ್ಲಿ ಒಬ್ಬನೇ ನಿಯಂತ್ರಕ ಎರಡು ಪರದೆ ನೋಡಿಕೊಳ್ಳುತ್ತಿದ್ದ. ಜೊತೆಗಾರ ವಿಶ್ರಾಂತಿಗೆ ಹೋಗಿದ್ದ. ದುರಸ್ತಿಯ ಕಾರಣ ಮುಖ್ಯ ಫೋನ್ ಮಾರ್ಗ ಸ್ತಬ್ಧವಾಗಿತ್ತು. ಹೆಂಡತಿ, ಇಬ್ಬರು ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ 2004ರಲ್ಲಿ ಆ ನಿಯಂತ್ರಕನ ಮನೆ ಹುಡುಕಿಕೊಂಡು ಹೋಗಿ ಕೊಂದ. ಆ ನಿಯಂತ್ರಕ ದುಡಿಯುತ್ತಿದ್ದ ಸಂಸ್ಥೆಯ ನಾಲ್ವರನ್ನು ಸ್ವಿಸ್ ನ್ಯಾಯಾಲಯ ತಪ್ಪಿತಸ್ಥರೆಂದು ಹೇಳಿದ್ದು 2007ರಲ್ಲಿ. ಸಂಸ್ಥೆಯೊಳಗಿನ ಹೊಣೆಗಾರರು ಕಾಣದಿದ್ದಾಗ, ಕಣ್ಣಿಗೆ ಬಿದ್ದ ಒಬ್ಬನೇ ಎಲ್ಲದರ ಕರ್ತೃವಾಗಿಬಿಡುತ್ತಾನೆ.

ಸುರಕ್ಷತಾ ನಿರ್ವಹಣೆ ಇದಕ್ಕೆ ಎರಡು ಉಪಾಯ ಹೂಡಿದೆ. ಮೊದಲನೆಯದಾಗಿ, ಅರಿಯದೆ ತಪ್ಪು ಮಾಡಿ ತಾನಾಗಿ ವರದಿ ಮಾಡಿದವನನ್ನು ದಂಡಿಸಬಾರದು. ಗೊತ್ತಿದ್ದೂ ಹುಂಬತನಕ್ಕಿಳಿದವನಿಗೆ ಆ ರಕ್ಷಣೆಯಿಲ್ಲ. ಎರಡನೆಯದಾಗಿ, ಪ್ರತಿ ಸಂಸ್ಥೆಯೂ ಸುರಕ್ಷತೆಗೆ ಕಡೆಯ ಉತ್ತರದಾಯಿಯಾದ ಒಬ್ಬ ಅಧಿಕಾರಿಯನ್ನು ಹೆಸರಿಸಬೇಕು. ಕೆಲಸವನ್ನು ಅವನು ಇತರರಿಗೆ ಹಂಚಬಹುದು, ಹೊಣೆಯನ್ನು ಹಂಚುವಂತಿಲ್ಲ. ‘ನಾನು’ ಎನ್ನಲು ಒಬ್ಬನಾದರೂ ಇರಲೇಬೇಕೆಂಬ ಏರ್ಪಾಡು ಇದು.

ಏರ್ಪಾಡು ಕಾಗದದ ಮೇಲಿದ್ದರೆ ಸಾಲದು. 2020ರ ಆಗಸ್ಟ್ 7ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನದೇ ಇನ್ನೊಂದು ವಿಮಾನ, ಅದೇ ದುಬೈನಿಂದ ಬಂದು, ಬಜ್ಪೆಯಂತೆಯೇ ಗುಡ್ಡದ ನೆತ್ತಿಯ ಮೇಲಿರುವ ಕಲ್ಲಿಕೋಟೆಯ ರನ್‌ವೇಯಿಂದ ಕೆಳಕ್ಕೆ ಬಿತ್ತು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ಸಹಪೈಲಟ್ ‘ಗೋ ಅರೌಂಡ್’ ಎಂದಿದ್ದರು, ನಿಯಂತ್ರಣ ಮಾತ್ರ ತೆಗೆದುಕೊಳ್ಳಲಿಲ್ಲ ಎಂದು ತನಿಖೆ ಮತ್ತೆ ಬರೆಯಬೇಕಾಯಿತು. ಬಜ್ಪೆಯಲ್ಲಿ ಗುರುತಿಸಿದ ಕಾರಣವೊಂದು ಹತ್ತು ವರ್ಷಗಳ ಬಳಿಕವೂ ಉಳಿದಿದ್ದರೆ, ಆ ಸಾವುಗಳಿಗೆ ದೈವದ ಹೆಸರು ಹೇಳುವ ಹಕ್ಕು ವಿಮಾನ ಹಾರಿಸುವ ಸಂಸ್ಥೆಗೂ ಇಲ್ಲ, ಅದರ ಮೇಲೆ ಕಣ್ಣಿಡಬೇಕಾದ ಸರಕಾರಕ್ಕೂ ಇಲ್ಲ.