ಪಶುವೈದ್ಯನ ನಿವೃತ್ತಿ

ರೋಗಿಗೆ ಮಾತಿಲ್ಲದಿರುವಲ್ಲಿ ವೈದ್ಯನಿಗೆ ನಿವೃತ್ತಿಯುಂಟೇ? ನಮ್ಮ ಹುನ್ನೂರಿನಂತಹ ಊರುಗಳಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಸರಕಾರಿ ಪಶುವೈದ್ಯನಿಗೆ 60 ತುಂಬಿದೊಡನೆ ಹುದ್ದೆಯು ಬಿಡುತ್ತದೆ. ಆದರೆ ನಡುರಾತ್ರಿಯಲ್ಲಿ ಎಮ್ಮೆಯು ಈಯಲಾರದೆ ನರಳುವಾಗ ರೈತನು ಹುದ್ದೆಯನ್ನು ಎಣಿಸದೆ, ಅರಿತ ಕೈಯನ್ನೇ ಅರಸಿ ಬರುತ್ತಾನೆ.

ಹಾಗೆಂದು ಕೈ ನಡುಗುವವರೆಗೂ ಚಿಕಿತ್ಸೆಯನ್ನು ಬಿಡಬಾರದೆಂಬುದೂ ಧರ್ಮವಾಗದು. ಭುಜದವರೆಗೆ ಕೈಯಿಟ್ಟು ಅಡ್ಡವಾದ ಕರುವನ್ನು ತಿರುಗಿಸುವ ಕಾರ್ಯವು ಬಲವನ್ನು ಬೇಡುತ್ತದೆ. ಬಲಗುಂದಿದ ಮೇಲೆಯೂ ಮುಂದುವರಿಯುವುದು ಅಭಿಮಾನವೇ ಸರಿ; ಅದರ ಫಲವನ್ನು ಉಣ್ಣುವುದು ಮೂಕಪ್ರಾಣಿ.

ವಿರಾಟನಗರದಲ್ಲಿ ನಕುಲನು ಕುದುರೆಗಳನ್ನೂ ಸಹದೇವನು ಗೋವುಗಳನ್ನೂ ನೋಡಿಕೊಂಡರು. ವೇಷವೂ ಹೆಸರೂ ಬದಲಾದವು, ವಿದ್ಯೆಯು ಉಳಿಯಿತು. ಅಂತೆಯೇ ನಡುವಯಸ್ಸಿನಲ್ಲಿ ಚಿಕಿತ್ಸೆಯನ್ನು ಬಿಡುವವನಿಗೆ, 2004ರಲ್ಲಿ ಬೀದರದಲ್ಲಿ ಸ್ಥಾಪಿತವಾದ ಪಶುವೈದ್ಯ ವಿಶ್ವವಿದ್ಯಾಲಯದಂತಹ ಕಡೆ ಬೋಧನೆಯುಂಟು. ನೆರೆಯ ಮುಧೋಳ ಸೀಮೆಯ ತಿಮ್ಮಾಪುರದಲ್ಲಿ ನಾಯಿತಳಿಯ ಸಂಶೋಧನೆಯುಂಟು. ಮುಪ್ಪಿನಲ್ಲಿ ಬಿಡುವವನು ಊರ ಕಟ್ಟೆಯ ಮೇಲೆ ಕುಳಿತು, ಮಳೆಗಾಲಕ್ಕೆ ಮುಂಚೆಯೇ ಗಂಟಲುಬೇನೆಯ ಚುಚ್ಚುಮದ್ದನ್ನು ಹಾಕಿಸಿರೆಂದು ಹೇಳಿದರೂ ಸಾಕು, ಎಷ್ಟೋ ಕೊಟ್ಟಿಗೆಗಳು ಉಳಿದಾವು.

ಶಾಲೆಯನ್ನು ಬಿಟ್ಟುಬಂದ ನಾನು ಅರಿತುದೂ ಇದನ್ನೇ: ಹುದ್ದೆಯಿಂದ ನಿವೃತ್ತಿಯುಂಟು, ಕಲಿತುದನ್ನು ಮತ್ತೊಬ್ಬನಿಗೆ ಒಪ್ಪಿಸುವವರೆಗೆ ಋಷಿಋಣದಿಂದ ಬಿಡುಗಡೆಯಿಲ್ಲ.