ತೆರೆಯದೆ ಇಟ್ಟ ಕಲ್ಲು

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರದ ಹರಟೆಗೆ ಸೇರುವ ಹಿರಿಯ ಮಿತ್ರರೊಬ್ಬರು ಈಚೆಗೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಏನ್ರೀ, ಊರಿಂದ ಒಂದು ಬುಟ್ಟಿ ಹಣ್ಣು ಬಂತು ಅನ್ನಿ. ಮನೆಯಲ್ಲಿ ಮಕ್ಕಳು ಬಾಯಿ ಬಾಯಿ ಬಿಡ್ತಿದಾರೆ. ಯಜಮಾನ ಅದರಲ್ಲಿ ನಾಲ್ಕು ಹಣ್ಣು ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಇದು ನನ್ನ ಮೊಮ್ಮಕ್ಕಳಿಗೆ ಅಂದ. ಅವನಿಗಿನ್ನೂ ಮೊಮ್ಮಕ್ಕಳೇ ಹುಟ್ಟಿಲ್ಲ. ಅಂಥವನಿಗೆ ಏನನ್ನಬೇಕು?"

ಜಿಪುಣ ಎನ್ನಬೇಕು, ಇಲ್ಲವೆ ತಲೆ ಕೆಟ್ಟಿದೆ ಎನ್ನಬೇಕು ಎಂದೆವು.

"ಹಾಗಾದರೆ ಅಮೆರಿಕದವರು ಚಂದ್ರನಿಂದ ಹೊತ್ತು ತಂದ ಮಣ್ಣನ್ನು ಐವತ್ತು ವರ್ಷ ಮುಚ್ಚಳ ತೆಗೆಯದೆ ಇಟ್ಟಿದ್ದರಲ್ಲ, ಅವರಿಗೆ?" ಎಂದು ಅವರು ನಕ್ಕರು.

ಹರಟೆ ಅಲ್ಲಿಗೆ ಮುಗಿಯಿತು. ಪ್ರಶ್ನೆ ಮಾತ್ರ ನಮ್ಮೊಡನೆ ಮನೆಗೆ ಬಂತು. ಇಂದಿನವರ ಕೈಗೆ ಸಿಕ್ಕಿದ್ದನ್ನು ಇನ್ನೂ ಹುಟ್ಟದವರಿಗಾಗಿ ತೆಗೆದಿಡುವುದು ಧರ್ಮವೇ, ಅಥವಾ ಇದ್ದವರಿಗೆ ಮಾಡುವ ಅನ್ಯಾಯವೇ? ನಮಗೆ ತೋಚಿದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಸಂಗತಿ ಏನೆಂದು ನೋಡೋಣ. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಯಾತ್ರಿಕರಾದ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಚಂದ್ರನ ಟಾರಸ್-ಲಿಟ್ರೋ ಎಂಬ ಕಣಿವೆಯಲ್ಲಿ ಇಳಿದರು. ಶ್ಮಿಟ್ ವೃತ್ತಿಯಿಂದ ಭೂವಿಜ್ಞಾನಿ. ಕಣಿವೆಯ ಒಂದು ಕಡೆ, ಹಿಂದೊಮ್ಮೆ ಬೆಟ್ಟದಿಂದ ಜರಿದು ಬಂದ ಮಣ್ಣು ಹರಡಿಕೊಂಡಿತ್ತು. ಅಲ್ಲಿ ಸುಮಾರು 35 ಸೆಂಟಿಮೀಟರ್ ಉದ್ದದ ಎರಡು ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸಿ, ಸುತ್ತಿಗೆಯಿಂದ ನೆಲಕ್ಕೆ ಹೊಡೆದು, ಪದರಗಳು ಕದಡದಂತೆ ಮಣ್ಣನ್ನು ಮೇಲೆತ್ತಿದರು. ಕೆಳಗಿನ ಕೊಳವೆಯನ್ನು ಚಂದ್ರನ ಮೇಲೆಯೇ, ಅಲ್ಲಿನ ನಿರ್ವಾತದಲ್ಲೇ ಡಬ್ಬಿಯೊಳಗಿಟ್ಟು ಭದ್ರವಾಗಿ ಮುಚ್ಚಿದರು. ಅದು ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರಕ್ಕೆ ಬಂದು, 73001 ಎಂಬ ಸಂಖ್ಯೆ ಹೊತ್ತು ಕುಳಿತಿತು. ಮೇಲಿನ ಕೊಳವೆಯನ್ನು ಬಿಚ್ಚಿದ್ದು 2019ರಲ್ಲಿ. ಕೆಳಗಿನದನ್ನು 2022ರ ಮಾರ್ಚಿನಲ್ಲಿ. ಬಿಚ್ಚುವ ಮೊದಲು ಒಳಗೆ ಸೇರಿಕೊಂಡಿರಬಹುದಾದ ಅನಿಲವನ್ನು ಹಿಡಿಯಲು ಬೇರೆಯೇ ಒಂದು ಉಪಕರಣ ಮಾಡಿಕೊಂಡರು. ಕೊಳವೆಯ ಒಳಗಿನ ಒಂದೊಂದು ಹರಳೂ ಎಲ್ಲಿದೆ ಎಂಬುದನ್ನು ಎಕ್ಸ್-ರೇ ಮೂಲಕ ಮೂರು ಆಯಾಮಗಳಲ್ಲಿ ಚಿತ್ರಿಸಿಕೊಂಡರು. 1972ರಲ್ಲಿ ಇಂಥ ಚಿತ್ರ ತೆಗೆಯುವ ಸೌಕರ್ಯವೇ ಇರಲಿಲ್ಲ. ಅಷ್ಟರಲ್ಲಿ ಸರ್ನನ್ ತೀರಿಕೊಂಡು ಐದು ವರ್ಷವಾಗಿತ್ತು. ಶ್ಮಿಟ್ ಅವರಿಗೆ ಎಂಬತ್ತಾರು ವಯಸ್ಸು.

ಹೀಗೆ ತೆಗೆದಿಟ್ಟವರು ಏನೋ ಒಂದು ರಹಸ್ಯ ಗೊತ್ತಿದ್ದು ತೆಗೆದಿಟ್ಟವರಲ್ಲ. "ನಮ್ಮ ಉಪಕರಣಗಳು ಕಡೆಯ ಉಪಕರಣಗಳಲ್ಲ, ನಮ್ಮ ಪ್ರಶ್ನೆಗಳು ಕಡೆಯ ಪ್ರಶ್ನೆಗಳಲ್ಲ" ಎಂಬಷ್ಟೇ ಅವರ ತಿಳಿವಳಿಕೆ. ಆ ತಿಳಿವಳಿಕೆ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಇನ್ನೊಂದು ನಿದರ್ಶನವಿದೆ.

ನಾವು ಬಿ.ಎಸ್ಸಿ. ಓದುವಾಗ, ಚಂದ್ರ ಹುಟ್ಟಿನಿಂದಲೇ ನೀರಿನ ಪಸೆಯಿಲ್ಲದ ಒಣಕಲು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು. ಬರೆಸಿದ ಉಪಾಧ್ಯಾಯರದಾಗಲಿ ಪುಸ್ತಕದ್ದಾಗಲಿ ತಪ್ಪಿಲ್ಲ. ಅಪೊಲೊ ತಂದ ಕಲ್ಲುಗಳನ್ನು ಪರೀಕ್ಷಿಸಿದವರು ಹಾಗೆಯೇ ಹೇಳಿದ್ದರು. 2008ರಲ್ಲಿ ಅಮೆರಿಕದ ಆಲ್ಬರ್ಟೊ ಸಾಲ್ ಮತ್ತು ಸಂಗಡಿಗರು, ಅಪೊಲೊ 15 ಮತ್ತು 17 ತಂದಿದ್ದ ಪುಟ್ಟ ಗಾಜಿನ ಮಣಿಗಳನ್ನು ಮತ್ತೆ ಕೈಗೆತ್ತಿಕೊಂಡರು. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಚಂದ್ರನ ಒಡಲಿನಿಂದ ಜ್ವಾಲಾಮುಖಿಯಾಗಿ ಚಿಮ್ಮಿ, ಆರಿ, ಮಣಿಗಟ್ಟಿದ ದ್ರವವದು. ಹಳೆಯ ಉಪಕರಣಗಳ ಕಣ್ಣಿಗೆ ಬೀಳದಷ್ಟು ಅಲ್ಪ ಪ್ರಮಾಣದ ನೀರಿನ ಅಂಶ ಅದರಲ್ಲಿ ಸಿಕ್ಕಿತು. ಮರುವರ್ಷವೇ, ಚಂದ್ರನ ಮೇಲ್ಮೈಯಲ್ಲೂ ನೀರಿನ ಗುರುತುಗಳಿವೆ ಎಂದು ನಮ್ಮ ಚಂದ್ರಯಾನ-1ರಲ್ಲಿದ್ದ ಉಪಕರಣ ತಿಳಿಸಿಕೊಟ್ಟಿತು. ಮಣಿ ಹಳೆಯದೇ. ಅದರೊಳಗಿನ ಉತ್ತರವೂ ಹಳೆಯದೇ. ಅದನ್ನು ಕೇಳಬಲ್ಲ ಕಿವಿ ಹುಟ್ಟಲು ಮೂವತ್ತೇಳು ವರ್ಷ ಹಿಡಿಯಿತು. 1971ರಲ್ಲೇ ಎಲ್ಲ ಮಣಿಗಳನ್ನೂ ಅರೆದು ಪುಡಿಮಾಡಿ "ಪರೀಕ್ಷೆ ಮುಗಿಯಿತು" ಎಂದು ಷರಾ ಬರೆದಿದ್ದರೆ, ನಮ್ಮ ಉತ್ತರ ಪತ್ರಿಕೆಯ ತಪ್ಪು ಇನ್ನೆಷ್ಟು ಕಾಲ ಸರಿಯೆನಿಸಿಕೊಂಡಿರುತ್ತಿತ್ತೋ!

ಬಳಸದೆ ಉಳಿಸಿದ್ದು ಮಾತ್ರವಲ್ಲ, ಬಳಸಿಯೂ ಜೋಪಾನ ಮಾಡಿದ್ದು ಹೀಗೆಯೇ ಫಲ ಕೊಡುತ್ತದೆ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ಬಂಡಿ ಚಂದ್ರನ ದಕ್ಷಿಣ ಭಾಗದಲ್ಲಿ ನೂರು ಮೀಟರಿನಷ್ಟು ದೂರ ಸಂಚರಿಸಿ, 23 ಕಡೆ ಮಣ್ಣಿನ ಘಟಕಗಳನ್ನು ಅಳೆಯಿತು. ಬೆಂಗಳೂರಿನಿಂದ ಅದನ್ನು ನಡೆಸುತ್ತಿದ್ದ ಆ ದಿನಗಳಲ್ಲಿ, ಪರನಾಡಿನಲ್ಲಿರುವ ನಮ್ಮ ಮನೆಗಳಲ್ಲೂ ಎಷ್ಟು ಸಂಭ್ರಮವಿತ್ತೆಂಬುದನ್ನು ಹೇಳಬೇಕಾಗಿಲ್ಲ. ಆ ಅಳತೆಗಳಿಗೆ ಅರ್ಥ ಹಚ್ಚಿದ್ದು ಹೇಗೆ? 1972ರಲ್ಲಿ ಅಪೊಲೊ 16 ಮತ್ತು ರಷ್ಯದ ಲೂನಾ 20 ತಂದ ಮಣ್ಣಿನೊಂದಿಗೆ ತೂಗಿ ನೋಡಿ. ಚಂದ್ರನು ಮೊದಲಲ್ಲಿ ಕರಗಿದ ಶಿಲೆಯ ಕಡಲಾಗಿದ್ದನೆಂದೂ, ಹಗುರವಾದ ಬಿಳಿಯ ಹರಳುಗಳು ಅದರ ಮೇಲೆ ತೇಲಿ ಹೆಪ್ಪುಗಟ್ಟಿ ತೊಗಟೆಯಾಯಿತೆಂದೂ 1970ರಲ್ಲೇ ಊಹಿಸಿದ್ದರು. ಆ ಊಹೆಗೆ ಹೊಸ ಬಲ ಬಂತು.

ಇಷ್ಟು ಕೇಳಿದರೆ ತೆಗೆದಿಡುವುದೇ ಸರಿಯೆಂದು ತೀರ್ಪು ಕೊಡಬಹುದೆನಿಸುತ್ತದೆ. ಆದರೆ ಮಿತ್ರರ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1972ರಲ್ಲಿಯೂ ಪಂಡಿತರಿದ್ದರು. ಚಂದ್ರನ ಹುಟ್ಟನ್ನು ತಿಳಿಯಬೇಕೆಂದು ಆಯುಸ್ಸೆಲ್ಲ ಸವೆಸಿ, ಆ ಕೊಳವೆಯೊಳಗೇನಿದೆ ಎಂದು ಕಾಣದೆ ಕಣ್ಣು ಮುಚ್ಚಿದವರಿದ್ದಾರೆ. ಚಂದ್ರಯಾತ್ರೆಗೆ ತೆರಿಗೆ ಕೊಟ್ಟವರು ಅಂದಿನ ಜನ. ಅವರ ಹಣದಿಂದ ತಂದದ್ದನ್ನು ಅವರಿಗೆ ತೋರಿಸದೆ, ಹೆಸರಿಲ್ಲದ, ಮುಖವಿಲ್ಲದ, ಧನ್ಯವಾದ ಹೇಳಲೂ ಬಾರದ ಮುಂದಿನವರಿಗೆ ಕೊಡಲು ಯಾರಿಗೆ ಅಧಿಕಾರವಿತ್ತು? ಅಂದು ವಂಚಿತರಾದವರಿಗೆ 2022ರ ಫಲಿತಾಂಶ ಯಾವ ಸಮಾಧಾನವನ್ನೂ ಕೊಡಲಾರದು. ಈ ನಷ್ಟ ನಿಜವಾದದ್ದು. ಅದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ನಮಗೆ ತೋರುವುದೇನೆಂದರೆ, ಜಿಪುಣನಿಗೂ ಧರ್ಮದರ್ಶಿಗೂ ಇರುವ ಅಂತರವನ್ನು ಬೀಗದಲ್ಲಿ ಹುಡುಕಬಾರದು. ಬೀಗ ಇಬ್ಬರ ಬಳಿಯೂ ಇರುತ್ತದೆ. ಜಿಪುಣನು ಎಲ್ಲವನ್ನೂ ಮುಚ್ಚಿಡುತ್ತಾನೆ, ಲೆಕ್ಕ ತೋರಿಸುವುದಿಲ್ಲ. ಧರ್ಮದರ್ಶಿ ಇಂದಿನವರ ಪಾಲನ್ನು ಇಂದೇ ಕೊಟ್ಟು, ಉಳಿದದ್ದಕ್ಕೆ ಲೆಕ್ಕ ಇಡುತ್ತಾನೆ, ಕಾಲ ಬಂದಾಗ ತಾನೇ ಬೀಗದ ಕೈ ಕೊಡುತ್ತಾನೆ. ಅಪೊಲೊದ ಆರು ಯಾತ್ರೆಗಳು ತಂದದ್ದು 382 ಕಿಲೋಗ್ರಾಂ. ಅದರಿಂದ ಮಾದರಿಗಳು ಮೊದಲಿನಿಂದಲೇ ನಾನಾ ದೇಶಗಳ ಪ್ರಯೋಗಾಲಯಗಳಿಗೆ ಹೋದವು. ಬಿಚ್ಚದೆ ಇಟ್ಟದ್ದು ಕೆಲವನ್ನು ಮಾತ್ರ. ಕೊಟ್ಟ ಒಂದೊಂದು ಚೂರಿಗೂ ಸಂಖ್ಯೆಯಿದೆ, ತೂಕವಿದೆ, ಯಾರ ಕೈಯಲ್ಲಿದೆ ಎಂಬ ದಾಖಲೆಯಿದೆ. ಇರುವುದೆಲ್ಲವನ್ನೂ ಒಂದೇ ಊರಿನಲ್ಲಿ ಇಡದೆ, ಒಂದು ಪಾಲನ್ನು ಬೇರೆ ಕಡೆಯೂ ಕಾಪಾಡಿದ್ದಾರೆ. ಕಾಣಿಕೆಯಾಗಿ ದೇಶ ದೇಶಗಳಿಗೆ ಹಂಚಿದ ಚೂರುಗಳ ಗತಿ ನೋಡಿದರೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ: ಐರ್ಲೆಂಡಿಗೆ ಕೊಟ್ಟ ಅಪೊಲೊ 11ರ ಚೂರು, 1977ರಲ್ಲಿ ವೀಕ್ಷಣಾಲಯಕ್ಕೆ ಬೆಂಕಿ ಬಿದ್ದಾಗ ಅವಶೇಷಗಳೊಂದಿಗೆ ಕಸದ ತಿಪ್ಪೆ ಸೇರಿತು.

ಈ ಪಾಲು ಹಂಚುವ ಪದ್ಧತಿ ಈಗ ಬಹುಮಟ್ಟಿಗೆ ನಿಯಮವೇ ಆಗಿದೆ. 2023ರ ಸೆಪ್ಟೆಂಬರಿನಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದಿಂದ ಬಂದ ಮಣ್ಣು ಒಟ್ಟು 121.6 ಗ್ರಾಂ. ಮನೆಯಲ್ಲಿ ಒಂದು ಹೊತ್ತಿನ ಸಾರಿಗೆ ಹಾಕುವ ಬೇಳೆಯಷ್ಟು! ಅದರಲ್ಲಿಯೂ ನೂರಕ್ಕೆ ಎಪ್ಪತ್ತರಷ್ಟನ್ನು ಮುಂದಿನವರಿಗೆ ಮೀಸಲಿಡಬೇಕೆಂದು ಮೊದಲೇ ನಿಶ್ಚಯಿಸಿದ್ದರು. ಉಳಿದ ಮೂವತ್ತರಲ್ಲಿ ಇಂದಿನ ವಿಜ್ಞಾನಿಗಳು ಕೆಲಸ ಸಾಗಿಸುತ್ತಿದ್ದಾರೆ.

ಇದನ್ನು ಬರೆಯುವಾಗ ನಮ್ಮ ಕಚೇರಿಯ ರೆಕಾರ್ಡ್ ರೂಮು ನೆನಪಾಗದೆ ಇರುವುದಿಲ್ಲ. ಮುಗಿದ ಕಡತವನ್ನು ಎ, ಬಿ, ಸಿ ಎಂದು ವರ್ಗ ಮಾಡಬೇಕು. ಮೊದಲೆರಡನ್ನು ಕಾಯ್ದಿಡುವುದು, ಸಿ ವರ್ಗದ್ದನ್ನು ಇಂತಿಷ್ಟು ವರ್ಷ ಇಟ್ಟು ನಾಶ ಮಾಡುವುದು. ಎಲ್ಲವನ್ನೂ ಇಡುತ್ತೇವೆಂದರೆ ಕೂರಲು ಜಾಗವಿಲ್ಲ, ಬೇಕಾದ ಕಾಗದ ಕೈಗೆ ಸಿಗುವುದೂ ಇಲ್ಲ. ಎಲ್ಲವನ್ನೂ ಸುಡುತ್ತೇವೆಂದರೆ, ಮೂವತ್ತು ವರ್ಷ ಕಳೆದ ಮೇಲೆ ಯಾರದೋ ವಿಧವೆ ಪಿಂಚಣಿಗಾಗಿ ಬಾಗಿಲಲ್ಲಿ ನಿಂತಾಗ ತೋರಿಸಲು ಕಾಗದವಿಲ್ಲ. ಅವರು ಏನು ಕೇಳಿಕೊಂಡು ಬರುತ್ತಾರೆಂದು ಇಂದು ವರ್ಗ ಮಾಡುವ ಗುಮಾಸ್ತನಿಗೆ ತಿಳಿಯದು. ತಿಳಿಯದೆಯೇ ನಿರ್ಧರಿಸಬೇಕು. ಹ್ಯೂಸ್ಟನ್ನಿನ ವಿಜ್ಞಾನಿಯೂ ನಮ್ಮಂಥ ಗುಮಾಸ್ತನೂ ಈ ಒಂದು ವಿಷಯದಲ್ಲಿ ಒಂದೇ ದೋಣಿಯಲ್ಲಿದ್ದಾರೆ: ಇಬ್ಬರೂ ತಾವು ಕಾಣದವರ ಪ್ರಶ್ನೆಗೆ ಜವಾಬ್ದಾರರು.

ಆದರೆ ಈ ತತ್ತ್ವಕ್ಕೊಂದು ಮೇರೆ ಇದೆ. ಕಲ್ಲು ಕಾಯುತ್ತದೆ, ಹಸಿವು ಕಾಯುವುದಿಲ್ಲ. ನಾನೂರೈವತ್ತು ಕೋಟಿ ವರ್ಷ ಕಾದ ಶಿಲೆಗೆ ಇನ್ನೈವತ್ತು ವರ್ಷ ಹೆಚ್ಚಲ್ಲ. ಅನ್ನವನ್ನು, ಔಷಧವನ್ನು, ಮಕ್ಕಳ ವಿದ್ಯೆಗೆ ಬೇಕಾದ ಹಣವನ್ನು "ಮುಂದಿನವರಿಗೆ" ಎಂದು ಬೀಗ ಹಾಕಿಡುವವನು ಚಂದ್ರಶಿಲೆಯ ಉದಾಹರಣೆ ಕೊಟ್ಟು ತಪ್ಪಿಸಿಕೊಳ್ಳಲಾರ. ತೆಗೆದಿಟ್ಟರೆ ಕೆಡದ್ದು, ಬಳಸಿದರೆ ಮರಳಿ ಬಾರದ್ದು, ತಡವಾದರೆ ಯಾರ ಪ್ರಾಣಕ್ಕೂ ಸಂಚಕಾರ ತಾರದ್ದು—ಈ ಮೂರೂ ಕೂಡಿದ ವಸ್ತುವಿನಲ್ಲಿ ಮಾತ್ರ ಮುಂದಿನವರಿಗೆ ಒಂದು ಪಾಲಿದೆ ಎಂದು ನಾವು ಭಾವಿಸುತ್ತೇವೆ. ಚಂದ್ರನ ಮಣ್ಣು ಅಂಥದ್ದು. ಊರಿಂದ ಬಂದ ಹಣ್ಣು ಅಂಥದ್ದಲ್ಲ.

ಮುಂದಿನ ಭಾನುವಾರ ಈ ಉತ್ತರವನ್ನು ಮಿತ್ರರಿಗೆ ಒಪ್ಪಿಸಿದೆವು. ಹಣ್ಣಿನ ಬದಲು ಬಿತ್ತನೆಯ ಭತ್ತ ಎಂದಿದ್ದರೆ ನಿಮ್ಮ ಹೋಲಿಕೆ ಸರಿಹೋಗುತ್ತಿತ್ತು. ಎಂಥ ಬರಗಾಲದಲ್ಲೂ ರೈತ ಬೀಜದ ಮೂಟೆಗೆ ಕೈ ಹಾಕಲು ಹಿಂಜರಿಯುತ್ತಾನೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಕಣ್ರೀ. ಆದರೆ ಬೀಜ ಇಟ್ಟ ರೈತ ಮುಂದಿನ ಮಳೆಗೆ ತಾನೇ ಬಿತ್ತಿ ತಾನೇ ಉಣ್ಣುತ್ತಾನೆ. ಇವರು ಉಣ್ಣಲಿಲ್ಲವಲ್ಲ" ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸರ್ನನ್ ಉಣ್ಣಲಿಲ್ಲ, ನಿಜ. ಆದರೂ ಸುತ್ತಿಗೆಯ ಪೆಟ್ಟು ಬಿಗಿಯಾಗಿ ಹಾಕಿದರು, ಮುಚ್ಚಳ ಬಿಗಿಯಾಗಿ ಹಾಕಿದರು. ಮರುದಿನ ಕಚೇರಿಯಲ್ಲಿ, ನಾಶಕ್ಕೆಂದು ಕಟ್ಟಿದ್ದ ಸಿ ವರ್ಗದ ಕಡತಗಳ ದಾರ ಬಿಚ್ಚಿ, ಒಂದೊಂದನ್ನೂ ಇನ್ನೊಮ್ಮೆ ಓದಿದೆವು. ಎರಡನ್ನು ತೆಗೆದಿಟ್ಟೆವು.