ಚಿಮಣಿಯ ಹೊಗೆ, ಕಡಲಿನ ಮೀನು

ಕಲಬುರಗಿ ಸೀಮೆಯ ನಮ್ಮೂರು ತೆಂಗಳಿಯ ಅಡುಗೆಮನೆಗೆ ಟ್ಯೂನಾ ಬಂದದ್ದನ್ನು ನಾನು ಕಂಡಿಲ್ಲ. ಮೀನು ತಿನ್ನುವ ಮನೆಗಳಲ್ಲಿ ಕಾಗಿಣಾ ಹೊಳೆಯದ್ದೋ ಬೆಣ್ಣೆತೊರಾ ಹಿನ್ನೀರಿನದ್ದೋ ರೋಹು, ಕಾಟ್ಲಾ ಬೇಯುತ್ತದೆ. ಕರಾವಳಿಯವರು ಕೇದರ ಎನ್ನುವ ಆ ಕಡಲ ಮೀನು ನಮಗೆ ಡಬ್ಬಿಯ ಮೇಲಿನ ಚಿತ್ರ ಮಾತ್ರ. ಆದರೂ ಕೆಲವು ದಿನಗಳಿಂದ ಬೆಳಿಗ್ಗೆ ಎದ್ದರೆ ಮನಸ್ಸು ಅದರ ಸುತ್ತಲೇ ತಿರುಗುತ್ತಿದೆ.

ಅಕ್ಕನ ಮಗಳು ಪುಣೆಯಲ್ಲಿದ್ದಾಳೆ, ಬಸುರಿ. ಫೋನ್ ಮಾಡಿ ಕೇಳಿದಳು: “ಚಿಗವ್ವಾ, ಡಾಕ್ಟರು ಮೀನ ತಿನ್ನು ಅಂತಾರ. ಟ್ಯೂನಾದಾಗ ಪಾದರಸ ಇರ್ತದ, ಬ್ಯಾಡ ಅಂತಾರ ನಮ್ಮ ಅತ್ತಿ. ಯಾರ ಮಾತ ಕೇಳ್ಲಿ?”

ಇಬ್ಬರ ಮಾತೂ ಖರೆ. ಹೊಟ್ಟೆಯೊಳಗಿನ ಮಗುವಿನ ಮಿದುಳು, ಕಣ್ಣು ರೂಪುಗೊಳ್ಳುವಾಗ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಬೇಕೇ ಬೇಕು. ಮೀನಿನಲ್ಲಿ ಅದು ಸಿದ್ಧವಾಗಿ ಸಿಗುತ್ತದೆ. ಟ್ಯೂನಾದ ನೂರು ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನು, ಮೇಲೆ ಬಿ12, ಸೆಲೆನಿಯಂ.

ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಅಗಸಿ ಹಿಂಡಿ ಇರುವಾಗ ಕಡಲ ಮೀನು ಯಾಕೆ ಎಂಬುದು ಅವಳ ವಾದ. ಅವಳು ಹಿಂಡಿ ಮಾಡುವುದನ್ನು ನೋಡಬೇಕು. ಅಗಸಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿಯುತ್ತಾಳೆ. ಕಾಳು ಚಟಪಟ ಸಿಡಿದು ಘಮ್ಮೆಂದ ಕೂಡಲೇ ಇಳಿಸಿ, ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆಹಣ್ಣು ಹಾಕಿ ಕುಟ್ಟುತ್ತಾಳೆ. ಕುಟ್ಟುವುದರಲ್ಲಿ ಅರ್ಥವಿದೆ: ಇಡೀ ಕಾಳು ನುಂಗಿದರೆ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಅಗಸಿ ಎಣ್ಣೆಯ ಅರ್ಧದಷ್ಟು ಒಮೆಗಾ-3 ಎಂಬುದೂ ನಿಜ. ಆದರೆ ಅದು ಬೇರೆ ಜಾತಿಯದು. ದೇಹ ಅದರಿಂದ ಡಿಎಚ್‌ಎ ಮಾಡಿಕೊಳ್ಳುವುದು ತೀರ ಸ್ವಲ್ಪ. ಮೀನು ಮುಟ್ಟದ ಮನೆಗೆ ಅಗಸಿ ದೊಡ್ಡ ಆಸರೆ, ಮೀನು ತಿನ್ನುವ ಮನೆಯಲ್ಲಿ ಮಾತ್ರ ಅದು ಮೀನಿನ ಜಾಗ ತುಂಬಲಾರದು. ಅಕ್ಕನಿಗೆ ಇದನ್ನು ಹೇಳುವುದು ನನಗೆ ಕಷ್ಟವಾಯಿತು.

ಇನ್ನು ಅತ್ತೆಯ ಭಯ. ಜಪಾನಿನ ಮಿನಮಾಟ ಎಂಬ ಊರಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಪಾದರಸದ ವಿಷವನ್ನು ಕೊಲ್ಲಿಗೆ ಬಿಟ್ಟಿತ್ತು. ಆ ಕೊಲ್ಲಿಯ ಮೀನು ತಿಂದವರಿಗೆ ಕೈಕಾಲು ಸ್ವಾಧೀನ ತಪ್ಪಿತು, ನಾಲಿಗೆ ತೊದಲಿತು. ರೋಗ ಅಧಿಕೃತವಾಗಿ ಗೊತ್ತಾದದ್ದು 1956ರಲ್ಲಿ. ಮೇಲ್ನೋಟಕ್ಕೆ ಗಟ್ಟಿಯಾಗಿದ್ದ ತಾಯಂದಿರ ಹೊಟ್ಟೆಯಲ್ಲಿ ತೀವ್ರ ಅಂಗವೈಕಲ್ಯದ ಮಕ್ಕಳು ಹುಟ್ಟಿದವು. ವಿಷ ತಾಯಿಯನ್ನು ದಾಟಿ ಮಗುವಿಗೆ ತಲುಪಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಮಿನಮಾಟದ ಮೀನಿನಲ್ಲಿದ್ದ ವಿಷಕ್ಕೂ ಅಂಗಡಿಯ ಟ್ಯೂನಾದಲ್ಲಿರುವುದಕ್ಕೂ ಬಹಳ ಅಂತರ. ಸೇಶೆಲ್ಸ್ ದ್ವೀಪಗಳಲ್ಲಿ ವಾರಕ್ಕೆ ಹತ್ತು ಹನ್ನೆರಡು ಸಲ ಕಡಲ ಮೀನು ಉಣ್ಣುವ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದವರಿಗೆ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ.

ಹಾಗಾದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2003ರಲ್ಲಿ ಹಾಕಿದ ಮಿತಿಯ ಪ್ರಕಾರ 50 ಕಿಲೋ ತೂಕದವಳಿಗೆ ವಾರಕ್ಕೆ 80 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಡಬ್ಬಿಯಲ್ಲಿ ಸಾಮಾನ್ಯವಾಗಿ ‘ಲೈಟ್’ ಎಂದು ಮಾರುವ, ಹೆಚ್ಚಾಗಿ ಸ್ಕಿಪ್‌ಜಾಕ್ ಎಂಬ ಸಣ್ಣ ಜಾತಿಯ ಟ್ಯೂನಾದ ನೂರು ಗ್ರಾಂನಲ್ಲಿ ಸುಮಾರು 13 ಮೈಕ್ರೋಗ್ರಾಂ ಇರುತ್ತದೆ. ಆಲ್ಬಕೋರ್‌ನಲ್ಲಿ 35, ದೊಡ್ಡ ಗಾತ್ರದ ಬಿಗ್‌ಐನಲ್ಲಿ ಹತ್ತಿರ ಹತ್ತಿರ 70. ದೊಡ್ಡದು ಸಣ್ಣದನ್ನು ತಿನ್ನುತ್ತ ಹೋದಂತೆ ವಿಷ ಮೇಲಕ್ಕೆ ಜಮೆಯಾಗುತ್ತದೆ. ಅದು ಮಾಂಸಕ್ಕೇ ಅಂಟಿಕೊಳ್ಳುವುದರಿಂದ ತೊಳೆದರೂ ಹುರಿದರೂ ಹೋಗದು. ನಮ್ಮ ದೇಹದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟು: ಮೀನು ಬಿಡಬೇಡ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಸಿಕ್ಕರೆ ಅದೇ ಮೇಲು, ರೋಹು ಆದರೂ ನಡೆದೀತು. ಲೈಟ್ ಟ್ಯೂನಾ ವಾರಕ್ಕೆ ಒಂದೆರಡು ಸಲ ತಿಂದರೆ ಅಂಜಬೇಕಿಲ್ಲ. ಬಿಗ್‌ಐ ಬೇಡ. ನಿನ್ನ ಡಾಕ್ಟರಿಗೂ ಒಂದು ಮಾತು ಹೇಳಿ ತಿನ್ನು.

ಹಸಿ ಟ್ಯೂನಾ ತರುವವರಿಗೆ ಇನ್ನೊಂದು ಎಚ್ಚರ ಬೇಕು, ಅದೂ ನಮ್ಮ ಕಲಬುರಗಿ ಸೀಮೆಯ ಬಿಸಿಲಿನಲ್ಲಿ. ಐಸ್ ಇಲ್ಲದೆ ಕೆಲವೇ ತಾಸು ಇಟ್ಟರೆ ಆ ಮೀನಿನಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಕುದಿಸಿದರೂ ಅದು ಹೋಗದು, ವಾಸನೆಯಿಂದ ತಿಳಿಯಲೂ ಬಾರದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ.

ಇಷ್ಟೆಲ್ಲ ಹೇಳಿ ಫೋನ್ ಇಟ್ಟ ಮೇಲೂ ನನ್ನನ್ನು ಬಿಡದ ಪ್ರಶ್ನೆ ಬೇರೆ: ಕಡಲಿಗೆ ಪಾದರಸ ಬಂದದ್ದು ಎಲ್ಲಿಂದ? ಜ್ವಾಲಾಮುಖಿಗಳಿಂದ ಒಂದಿಷ್ಟು. ಹೆಚ್ಚಿನದು ಮನುಷ್ಯನದೇ ಕೆಲಸ, ಸಣ್ಣ ಚಿನ್ನದ ಗಣಿಗಳದ್ದು, ಕಲ್ಲಿದ್ದಲು ಸುಡುವ ಒಲೆಗಳದ್ದು, ಸಿಮೆಂಟಿನದ್ದು. ಸುಣ್ಣದ ಕಲ್ಲಿನಲ್ಲೂ ಕಲ್ಲಿದ್ದಲಿನಲ್ಲೂ ಎಳ್ಳಷ್ಟು ಪಾದರಸ ಇರುತ್ತದೆ. ಪುಡಿ ಮಾಡಿದರೆ ಸಿಮೆಂಟಾಗುವ ಕ್ಲಿಂಕರ್ ಗಟ್ಟಿ ಸುಮಾರು 1,450 ಡಿಗ್ರಿಯಲ್ಲಿ ಬೇಯುವಾಗ ಅದು ಆವಿಯಾಗಿ, ಹಿಡಿದಿಡದಿದ್ದರೆ, ಚಿಮಣಿ ಏರಿ ಹೋಗುತ್ತದೆ. ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು, ಮಳೆಯೊಡನೆ ಎಲ್ಲಿಯೋ ಇಳಿದು, ನೀರಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಮೀಥೈಲ್ ಪಾದರಸವಾಗುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳನ್ನು ನೋಡುತ್ತಲೇ ಬೆಳೆದವರು ನಾವು. ಆ ಸುಣ್ಣದ ಕಲ್ಲು ನಮ್ಮ ಎಷ್ಟೋ ಮನೆಗಳಿಗೆ ಅನ್ನ ಹಾಕಿದೆ. ಪುಣೆಯ ಡಬ್ಬಿಯಲ್ಲಿರುವ ಪಾದರಸ ನಮ್ಮ ಊರಿನದೇ ಎಂದು ಬೆರಳು ತೋರಿಸಲು ಆಗದು. ನಮ್ಮದಲ್ಲವೇ ಅಲ್ಲ ಎನ್ನಲೂ ಬಾಯಿ ಬರುವುದಿಲ್ಲ.

ಮಿನಮಾಟದ ಹೆಸರಿನಲ್ಲೇ 2013ರಲ್ಲಿ ಜಗತ್ತಿನ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. ಭಾರತ ಅದಕ್ಕೆ 2018ರಲ್ಲಿ ಅನುಮೋದನೆ ಕೊಟ್ಟಿತು. ಅದರಲ್ಲಿರುವ ಪಾದರಸ ಬಿಡುವ ಮೂಲಗಳ ಪಟ್ಟಿಯಲ್ಲಿ ಸಿಮೆಂಟ್ ಕ್ಲಿಂಕರ್ ಹೆಸರು ಸ್ಪಷ್ಟವಾಗಿದೆ. ಹಳೆಯ ಘಟಕಗಳಿಗೂ ಹತ್ತು ವರ್ಷದೊಳಗೆ ಯಾವುದಾದರೊಂದು ನಿಯಂತ್ರಣ ಕ್ರಮ ಬರಬೇಕು. ಲೆಕ್ಕ ಹಾಕಿದರೆ ಅದು 2028. ನಮ್ಮ ಸೀಮೆಯ ಗ್ರಾಮಸಭೆಗಳಲ್ಲಿ ಧೂಳಿನ ಮಾತು ಎತ್ತುವಾಗ ಪಾದರಸದ ಮಾತನ್ನೂ ಸೇರಿಸಬೇಕು: ಪ್ರತಿ ಚಿಮಣಿಯಿಂದ ವರ್ಷಕ್ಕೆ ಎಷ್ಟು ಹೋಗುತ್ತದೆ, ಅಳೆಯುವವರು ಯಾರು, ಆ ಅಂಕಿಯನ್ನು ಊರಿನವರು ಎಲ್ಲಿ ಓದಬಹುದು?